ಮೊದಲ ಗುಹೆ ಡೈವಿಂಗ್ ಕೋರ್ಸ್: ಯಾವ ಹಂತ, ಯಾವ ಊರು, ಯಾರ ಹತ್ತಿರ?

ಸಮುದ್ರದಲ್ಲಿ ಡೈವ್ ಮಾಡುವಾಗ ಏನಾದರೂ ಎಡವಟ್ಟಾದರೆ ಮೇಲಕ್ಕೆ ಬರಬಹುದು. ಗುಹೆಯಲ್ಲಿ ತಲೆಯ ಮೇಲೆ ಕಲ್ಲಿರುತ್ತದೆ. ಹೋದ ದಾರಿಯಲ್ಲೇ, ಹೋದಷ್ಟೇ ದೂರ ವಾಪಸ್ ಬಂದರೆ ಮಾತ್ರ ಗಾಳಿ ಸಿಗುತ್ತದೆ. ಗುಹೆ ಕೋರ್ಸ್‌ನಲ್ಲಿ ಕಲಿಸುವ ಪ್ರತಿಯೊಂದು ವಿಷಯವೂ ಹುಟ್ಟಿದ್ದು ಇದರಿಂದಲೇ.

ನೇತ್ರಾಣಿಯಲ್ಲೋ ಅಂಡಮಾನ್‌ನಲ್ಲೋ ಡೈವಿಂಗ್ ಕಲಿತು, ಆಮೇಲೆ ಕೆಲಸದ ಮೇಲೆ ಅಮೆರಿಕಕ್ಕೋ ಆಸ್ಟ್ರೇಲಿಯಾಕ್ಕೋ ಹೋದ ಕನ್ನಡಿಗರಲ್ಲಿ ಈ ಆಸೆ ಇರುವವರು ಸಿಗುತ್ತಾರೆ. 2018ರಲ್ಲಿ ಥಾಯ್ಲೆಂಡ್‌ನ ಥಾಮ್ ಲುವಾಂಗ್ ಗುಹೆಯಿಂದ ಹನ್ನೆರಡು ಹುಡುಗರನ್ನೂ ಅವರ ಕೋಚ್‌ನನ್ನೂ ಡೈವರ್‌ಗಳು ಹೊರಗೆ ತಂದದ್ದನ್ನು ಟಿವಿಯಲ್ಲಿ ನೋಡಿ ಆಸೆ ಹುಟ್ಟಿಸಿಕೊಂಡವರೂ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: ಯಾವ ಏಜೆನ್ಸಿ, ಅಂದರೆ ಕೋರ್ಸ್ ರೂಪಿಸಿ ಪಾಸಾದವರಿಗೆ ಕಾರ್ಡ್ ಕೊಡುವ ಸಂಸ್ಥೆ, ಒಳ್ಳೆಯದು? ನನ್ನ ಪ್ರಕಾರ ಅದನ್ನು ಕೊನೆಗೆ ಕೇಳಬೇಕು. ಮೊದಲು ಯಾವ ಹಂತದವರೆಗೆ ಅನ್ನುವುದನ್ನು ನಿರ್ಧರಿಸಿ. ಆಮೇಲೆ ಯಾರು ಕಲಿಸುತ್ತಾರೆ, ಎಂಥ ನೀರಿನಲ್ಲಿ ಕಲಿಸುತ್ತಾರೆ ನೋಡಿ. ಕಾರ್ಡಿನ ಮೇಲೆ ಯಾರ ಹೆಸರಿದೆ ಅನ್ನುವುದು ತಾನಾಗಿಯೇ ಇತ್ಯರ್ಥ ಆಗುತ್ತದೆ.

ಟೂರ್ ಬೇರೆ, ಕೋರ್ಸ್ ಬೇರೆ

ಮೆಕ್ಸಿಕೋದ ಯುಕಾಟನ್‌ನಲ್ಲಿ ನೆಲ ಕುಸಿದು ಬಾಯಿ ತೆರೆದುಕೊಂಡ ಸುಣ್ಣಕಲ್ಲಿನ ಹೊಂಡಗಳಿವೆ. ಅವಕ್ಕೆ ಸೆನೋಟೆ ಅನ್ನುತ್ತಾರೆ. ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕಾರ್ಡ್ ಇದ್ದರೆ ಸಾಕು, ಗೈಡ್ ನಿಮ್ಮನ್ನು ಕರೆದುಕೊಂಡು ಬೆಳಕು ಬೀಳುವ ಭಾಗದಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಬಹಳ ಚೆಂದದ ಅನುಭವ. ಆದರೆ ಅಲ್ಲಿ ಗಾಳಿಯ ಲೆಕ್ಕ, ದಾರಿ, ತೀರ್ಮಾನ ಎಲ್ಲ ಗೈಡ್‌ನದು. ನೀವು ಹಿಂದೆ ಹೋಗುತ್ತೀರಿ, ಅಷ್ಟೇ. ಎಷ್ಟು ಟೂರ್ ಮಾಡಿದರೂ ಗುಹೆ ಡೈವಿಂಗ್ ಬರುವುದಿಲ್ಲ. ಸುಮ್ನೆ ನೋಡಬೇಕು ಅನ್ನುವವರಿಗೆ ಟೂರ್ ಸಾಕು, ಕೋರ್ಸ್‌ಗೆ ದುಡ್ಡು ಹಾಕುವ ಅಗತ್ಯವೇ ಇಲ್ಲ. ಟೂರ್ ಮುಗಿದ ಮೇಲೆ ಒಳಗಿನ ಕತ್ತಲೆ ಕಡೆ ಕಣ್ಣು ಹೋದವರಿಗೆ ಮಾತ್ರ ಮುಂದಿನದ್ದು.

ಕ್ಯಾವರ್ನ್, ಇಂಟ್ರೋ, ಫುಲ್

ಹೆಚ್ಚಿನ ಕಡೆ ಮೂರು ಮೆಟ್ಟಿಲು. ಮೊದಲನೆಯದು ಕ್ಯಾವರ್ನ್. ಹಗಲು ಬೆಳಕು ಕಣ್ಣಿಗೆ ಕಾಣುವಷ್ಟು ದೂರ ಮಾತ್ರ. ಪಾಡಿ ಅನ್ನುವ ಏಜೆನ್ಸಿಯ ಲೆಕ್ಕದಲ್ಲಿ ಆಳವೂ ದೂರವೂ ಸೇರಿ ನೀರಿನ ಮೇಲ್ಮೈಯಿಂದ 40 ಮೀಟರ್, ಟಿಡಿಐ ಅನ್ನುವ ಏಜೆನ್ಸಿಯ ಲೆಕ್ಕದಲ್ಲಿ 60 ಮೀಟರ್. ಎರಡನೆಯದು ಇಂಟ್ರೋ ಟು ಕೇವ್. ಇಲ್ಲಿ ಬೆಳಕು ದಾಟಿ ಒಳಗೆ ಹೋಗುತ್ತೀರಿ. ಆದರೆ ಮುಖ್ಯ ಲೈನ್ (ಹೊರದಾರಿ ತಪ್ಪದಂತೆ ಗುಹೆಯೊಳಗೆ ಎಳೆದಿಟ್ಟ ದಾರ) ಬಿಟ್ಟು ಕವಲು ದಾರಿ ಹಿಡಿಯುವಂತಿಲ್ಲ, ಡಿಕಂಪ್ರೆಷನ್ (ಮೈಯಲ್ಲಿ ಸೇರಿದ ಗ್ಯಾಸ್ ಹೊರಹೋಗಲು ಮೇಲೆ ಬರುವಾಗ ನಡುವೆ ನಿಲ್ಲುವುದು) ಬೇಕಾಗುವಷ್ಟು ಹೊತ್ತು ಇರುವಂತಿಲ್ಲ. ಮೂರನೆಯದು ಫುಲ್ ಕೇವ್. ಕವಲುಗಳು, ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಹೊರಬರುವುದು, ಸುತ್ತಿ ಬರುವ ದಾರಿಗಳು, ಎಲ್ಲವೂ ಇಲ್ಲಿ.

ಮೂರನ್ನೂ ಒಟ್ಟಿಗೆ ಒಂದೇ ಪ್ರವಾಸದಲ್ಲಿ, ಸುಮಾರು ಎಂಟು ದಿನದಲ್ಲಿ ಮುಗಿಸಿಕೊಡುತ್ತೇವೆ ಅನ್ನುವವರೂ ಇದ್ದಾರೆ. ದೂರದಿಂದ ವಿಮಾನದಲ್ಲಿ ಹೋಗುವವರಿಗೆ ರಜೆ, ಟಿಕೆಟ್ ಎರಡೂ ಉಳಿಯುತ್ತದೆ ನಿಜ. ಆದರೂ ಮೊದಲ ಸಲ ಹೋಗುವವರಿಗೆ ನಾನು ಅದನ್ನು ಹೇಳುವುದಿಲ್ಲ. ಎಂಟು ದಿನ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಇರುತ್ತಾರೆ. ಒಂಬತ್ತನೇ ದಿನ ಕಾರ್ಡ್ ಕೈಯಲ್ಲಿ ಇರುತ್ತದೆ, ಅವರು ಇರುವುದಿಲ್ಲ. ತಾವೇ ಯೋಚಿಸಿ, ತಾವೇ ತೀರ್ಮಾನ ಮಾಡಿದ ಒಂದು ಡೈವ್ ಕೂಡ ಇಲ್ಲದೆ ಕವಲು ದಾರಿಗಳ ಗುಹೆಗೆ ಹೋಗಲು ಅನುಮತಿ ಸಿಕ್ಕಿಬಿಡುತ್ತದೆ. ಕ್ಯಾವರ್ನ್ ಒಂದನ್ನೇ ಮಾಡಿ. ಇಷ್ಟವಾದರೆ ಅದೇ ಪ್ರವಾಸದಲ್ಲಿ ಇಂಟ್ರೋ. ಫುಲ್ ಇನ್ನೊಂದು ವರ್ಷ ಆಗಲಿ. ಕ್ಯಾವರ್ನ್ ಮಟ್ಟದಲ್ಲೇ ನಿಂತು ಸಂತೋಷವಾಗಿ ಡೈವ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಕ್ಯಾವರ್ನ್ ಅಂದರೆ ಬರೀ ಅ ಆ ಇ ಈ ಅಂತ ಹಗುರವಾಗಿ ನೋಡುವವರೂ ಇದ್ದಾರೆ. ಅಸಲಿಗೆ ಮುಖ್ಯವಾದದ್ದೆಲ್ಲ ಶುರುವಾಗುವುದು ಅಲ್ಲೇ. ಅಮೆರಿಕದ ಶೆಕ್ ಎಕ್ಸ್‌ಲಿ ಅನ್ನುವ ಡೈವರ್ 1970ರ ದಶಕದಲ್ಲಿ ಗುಹೆಗಳಲ್ಲಿ ಆದ ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಸತ್ತವರು ಹೊರಗಿನವರೆಗೂ ಬಿಡದೆ ಸಾಗುವ ಲೈನ್ ಹಾಕಿರಲಿಲ್ಲ. ಇಲ್ಲವೇ ವಾಪಸ್ ಬರಲು ಬೇಕಾದಷ್ಟು ಗಾಳಿ ಉಳಿಸಿಕೊಂಡಿರಲಿಲ್ಲ. ಇಲ್ಲವೇ ತುಂಬಾ ಆಳಕ್ಕೆ ಹೋಗಿದ್ದರು. ಆಮೇಲೆ ಇದಕ್ಕೆ ತರಬೇತಿ ಇಲ್ಲದಿರುವುದು, ಲೈಟ್ ಸಾಲದಿರುವುದು ಎರಡೂ ಸೇರಿದವು. ಇವತ್ತಿಗೂ ಎಲ್ಲ ಕೋರ್ಸ್‌ಗಳ ಬೆನ್ನೆಲುಬು ಈ ಐದು ವಿಷಯಗಳೇ. ಒಬ್ಬೊಬ್ಬರಿಗೂ ಮೂರು ಲೈಟ್ ಅನ್ನುವ ನಿಯಮವೂ ಇಲ್ಲಿಂದಲೇ ಬಂದದ್ದು.

ಗಾಳಿಯ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಹಂತ ಆರಿಸುವುದಕ್ಕೂ ಇದು ಸಹಾಯ ಮಾಡುತ್ತದೆ. ಕ್ಯಾವರ್ನ್‌ನಲ್ಲಿ ಮೂರನೇ ಒಂದು ಭಾಗದ ನಿಯಮ. ಒಂದು ಪಾಲು ಒಳಗೆ ಹೋಗಲು, ಒಂದು ಪಾಲು ಹೊರಬರಲು, ಇನ್ನೊಂದು ಪಾಲು ಅತ್ಯಂತ ಒಳಗಿರುವಾಗ ಜೊತೆಗಾರನ ಗಾಳಿ ಪೂರ್ತಿ ಹೋದರೆ ಅವನಿಗೆ. 11.1 ಲೀಟರಿನ ಸಾಮಾನ್ಯ ಅಲ್ಯೂಮಿನಿಯಂ ಟ್ಯಾಂಕ್‌ನಲ್ಲಿ ಗಾಳಿಯ ಒತ್ತಡ 200 ಬಾರ್ ಇದೆ ಅಂದುಕೊಳ್ಳಿ. ಮೂರರಿಂದ ಸಲೀಸಾಗಿ ಭಾಗಿಸಲು 180 ಹಿಡಿಯುತ್ತೀರಿ. ಹಾಗಾಗಿ ಒಳಗೆ ಹೋಗಲು 60 ಬಾರ್. ಒತ್ತಡದ ಮೀಟರ್ 140 ಬಾರ್ ತೋರಿಸಿದ ತಕ್ಷಣ ತಿರುಗಬೇಕು. 60 ಬಾರ್ ಅಂದರೆ, 11.1ರಿಂದ ಗುಣಿಸಿದರೆ, 666 ಲೀಟರ್. ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟಾಗುವುದರಿಂದ 40 ಲೀಟರ್ ಖರ್ಚು ಮಾಡುತ್ತಾರೆ. ಅಂದರೆ ಒಳಗೆ ಹೋಗಲು ಸಿಗುವುದು ಹದಿನಾರು ನಿಮಿಷ ಚಿಲ್ಲರೆ.

ಈಗ ಇಂಟ್ರೋಗೆ ಬನ್ನಿ. ಬಹಳಷ್ಟು ಜನ ಇದನ್ನು ಎರಡು ಟ್ಯಾಂಕ್ ಹಾಕಿಕೊಂಡು ಮಾಡುತ್ತಾರೆ. ಆದರೆ ನಿಯಮ ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. 180ರಲ್ಲಿ ಆರನೇ ಒಂದು ಭಾಗ 30 ಬಾರ್. ಎರಡು ಟ್ಯಾಂಕ್ ಸೇರಿ 22.2 ಲೀಟರ್. ಗುಣಿಸಿದರೆ ಬರುವುದು ಮತ್ತೆ ಅದೇ 666 ಲೀಟರ್! ಗಾಳಿ ಎರಡರಷ್ಟಾಯಿತು, ಒಳಗೆ ಹೋಗಲು ಸಿಗುವ ಪಾಲು ಒಂದು ಲೀಟರ್ ಕೂಡ ಹೆಚ್ಚಾಗಲಿಲ್ಲ. ಹೆಚ್ಚಾದದ್ದೆಲ್ಲ ವಾಪಸ್ ಬರುವುದಕ್ಕೆ. ಹೊಸಬರು ಗಾಬರಿಯಾದಾಗ ಉಸಿರು ಎರಡು ಪಟ್ಟಾಗುತ್ತದೆ, ಲೈನ್ ಹುಡುಕಲು ಹತ್ತು ನಿಮಿಷ ಬೇಕಾಗಬಹುದು. ಅದನ್ನೆಲ್ಲ ಮೊದಲೇ ಯೋಚಿಸಿ ಮಾಡಿದ ನಿಯಮ ಇದು. ಇಂಟ್ರೋ ಮಾಡಿದರೆ ಗುಹೆಯ ತುಂಬಾ ಓಡಾಡಬಹುದು ಅಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ತಾವೇ ಹಾಕಿ ನೋಡಲಿ.

ಫ್ಲೋರಿಡಾನಾ, ಮೆಕ್ಸಿಕೋನಾ?

ಕಲಿಯುವವರು ಹೆಚ್ಚಾಗಿ ಹೋಗುವುದು ಈ ಎರಡು ಕಡೆಗೆ. ಎರಡೂ ಕಡೆ ನೀರು ಗಾಜಿನಂತೆ ತಿಳಿ, ಎರಡೂ ಸುಣ್ಣಕಲ್ಲಿನ ಗುಹೆಗಳು. ಕಲಿಸುವ ಪಾಠ ಮಾತ್ರ ಬೇರೆ ಬೇರೆ.

ಉತ್ತರ ಫ್ಲೋರಿಡಾದ ಗುಹೆಗಳಲ್ಲಿ ನೆಲದಡಿಯ ನೀರು ಬುಗ್ಗೆಯಾಗಿ ಹೊರಗೆ ನುಗ್ಗುತ್ತದೆ. ಹೈ ಸ್ಪ್ರಿಂಗ್ಸ್ ಊರಿನ ಹತ್ತಿರದ ಜಿನ್ನಿ ಸ್ಪ್ರಿಂಗ್ಸ್‌ನಲ್ಲಿ ಆ ಸೆಳೆತಕ್ಕೆ ಎದುರಾಗಿ ಒಳಗೆ ಹೋಗುವುದೇ ಒಂದು ವಿದ್ಯೆ. ಫಿನ್ (ಕಾಲಿಗೆ ಹಾಕುವ ರೆಕ್ಕೆ) ಬಡಿದರೆ ಗಾಳಿ ಖಾಲಿಯಾಗುತ್ತದೆ, ದೂರ ಸಾಗುವುದಿಲ್ಲ. ಕಲ್ಲಿನ ಗಟ್ಟಿ ಜಾಗಗಳನ್ನು ಬೆರಳಲ್ಲಿ ಹಿಡಿದು, ಸೆಳೆತ ಕಮ್ಮಿ ಇರುವ ಮೂಲೆ ಹುಡುಕಿ, ನಿಧಾನವಾಗಿ ಮೈ ಎಳೆದುಕೊಂಡು ಹೋಗಬೇಕು. ಒಂದು ಅನುಕೂಲ ಏನೆಂದರೆ ವಾಪಸ್ ಬರುವಾಗ ನೀರೇ ಹೊರಗೆ ತಳ್ಳುತ್ತದೆ, ಎದ್ದ ಹೂಳನ್ನೂ ಹೊರಗೆ ಒಯ್ಯುತ್ತದೆ. ಪೀಕಾಕ್ ಸ್ಪ್ರಿಂಗ್ಸ್ ಕಡೆ ಹೋದರೆ ಇದಕ್ಕೆ ಉಲ್ಟಾ. ಸೆಳೆತ ತೀರಾ ಕಮ್ಮಿ, ಹೂಳು ಜಾಸ್ತಿ. ಒಂದು ಫಿನ್ ತಪ್ಪಾಗಿ ಬಿದ್ದರೆ ಕಾಫಿಗೆ ಹಾಲು ಸುರಿದಂತೆ ನೀರು ಮಬ್ಬಾಗುತ್ತದೆ, ತಿಳಿಯಾಗಲು ಬಹಳ ಹೊತ್ತು ಬೇಕು. ಒಂದು ಗಂಟೆ ಡ್ರೈವ್‌ನ ಆಸುಪಾಸಿನಲ್ಲಿ ಈ ಎರಡೂ ಥರದ ಗುಹೆ ಸಿಗುವುದು ಫ್ಲೋರಿಡಾದ ದೊಡ್ಡ ಲಾಭ.

ಅಲ್ಲಿನ ಶಿಸ್ತೂ ನನಗೆ ಹಿಡಿಸುತ್ತದೆ. ಜಿನ್ನಿಯಲ್ಲಿ ಡೆವಿಲ್ಸ್ ಹೆಸರಿನ ಬುಗ್ಗೆಗಳಿಗೆ ಇಳಿಯುವ ಓಪನ್ ವಾಟರ್ ಡೈವರ್‌ಗಳು ಲೈಟ್ ಒಯ್ಯುವಂತಿಲ್ಲ. ಲೈಟ್ ಇಲ್ಲದಿದ್ದರೆ ಒಳಗೆ ಇಣುಕುವ ಆಸೆಯೂ ಹುಟ್ಟುವುದಿಲ್ಲ, ಅಲ್ವಾ? ಹೊಸಬರಿಗೆ ಬಿಡುವ ಬಾಲ್‌ರೂಮ್ ಅನ್ನುವ ಜಾಗದಲ್ಲಿ ಗುಹೆಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಗುಹೆಗಳ ಬಾಯಲ್ಲಿ ಸಾವಿನ ಚಿತ್ರ ಇರುವ ಫಲಕ ನಿಲ್ಲಿಸಿದ್ದಾರೆ. ನಿಲ್ಲಿ, ಮುಂದೆ ಹೋಗಬೇಡಿ, ಪ್ರಾಣ ಕೊಡುವಂಥದ್ದು ಈ ಗುಹೆಯಲ್ಲಿ ಏನೂ ಇಲ್ಲ ಅಂತ ಅದರ ಮೇಲೆ ಬರೆದಿದೆ. ಮೆಕ್ಸಿಕೋದಲ್ಲೂ ಇಂಥವು ಇವೆ.

ಫ್ಲೋರಿಡಾದ ತೊಂದರೆ ಎರಡು. ನೀರು 20ರಿಂದ 22 ಡಿಗ್ರಿ. ಮೊದಲ ಹತ್ತು ನಿಮಿಷ ಹಾಯಾಗಿರುತ್ತದೆ, ದಿನಕ್ಕೆ ಮೂರು ಡೈವ್ ಆಗುವ ಹೊತ್ತಿಗೆ ಮೈ ನಡುಗುತ್ತದೆ. ನಡುಗುತ್ತಾ ಕಲಿಯಲು ಆಗುವುದಿಲ್ಲ. ದಪ್ಪ ವೆಟ್‌ಸೂಟ್, ತಲೆಗೆ ಹುಡ್ ಬೇಕೇ ಬೇಕು. ಇನ್ನೊಂದು, ಸುವಾನೀ ಮತ್ತು ಸಾಂಟಾ ಫೆ ನದಿಗಳು ಉಕ್ಕಿದರೆ ಕಂದು ಬಣ್ಣದ ನೀರು ಗುಹೆಗಳಿಗೆ ನುಗ್ಗಿ ಡೈವಿಂಗ್ ನಿಂತುಹೋಗುತ್ತದೆ. ಟಿಕೆಟ್ ಬುಕ್ ಮಾಡುವ ಮೊದಲು ಆ ತಿಂಗಳ ನದಿಯ ಮಟ್ಟ ಹೇಗಿರುತ್ತದೆ ಅಂತ ಇನ್‌ಸ್ಟ್ರಕ್ಟರ್ ಅವರನ್ನೇ ಕೇಳಿ.

ಮೆಕ್ಸಿಕೋಗೆ ಬಂದರೆ ನೀರು 25 ಡಿಗ್ರಿ ಆಸುಪಾಸು. ಹೆಚ್ಚಿನ ಗುಹೆಗಳು ಆಳ ಕಡಿಮೆ. ಡೋಸ್ ಓಹೋಸ್ ಅನ್ನುವ ಗುಹೆಯಲ್ಲಿ ಬಹುಪಾಲು ಡೈವ್ 10 ಮೀಟರ್ ಒಳಗೇ ನಡೆಯುತ್ತದೆ. ಗಾಳಿ ಜಾಸ್ತಿ ಹೊತ್ತು ಬರುತ್ತದೆ, ಅಭ್ಯಾಸಕ್ಕೆ ಸಮಯ ಸಿಗುತ್ತದೆ. ಸೆಳೆತ ಬಹಳ ಕಮ್ಮಿ. ಹಿಮಯುಗದಲ್ಲಿ ಸಮುದ್ರದ ಮಟ್ಟ ಇಳಿದಿದ್ದಾಗ ಈ ಗುಹೆಗಳು ಒಣಗಿದ್ದವು. ಆಗ ಹನಿ ಹನಿಯಾಗಿ ಬೆಳೆದ ಸುಣ್ಣದ ಕಂಬಗಳು, ಜಾಲರಿಗಳು, ಬೆರಳಿನಷ್ಟು ಸಣ್ಣ ಕೊಳವೆಗಳು ಈಗ ನೀರಿನಡಿ ಹಾಗೇ ನಿಂತಿವೆ. ಓಯೋ ನೆಗ್ರೋ ಅನ್ನುವ ಮುಳುಗಿದ ಹೊಂಡದಲ್ಲಿ 2007ರಲ್ಲಿ ಡೈವರ್‌ಗಳಿಗೆ ಸಿಕ್ಕ ಹುಡುಗಿಯ ಅಸ್ಥಿಪಂಜರ ಸುಮಾರು 13,000 ವರ್ಷ ಹಳೆಯದು. ಇದೇ ಕಾರಣಕ್ಕೆ ಮೆಕ್ಸಿಕೋದಲ್ಲಿ ತೇಲುವಿಕೆಯ ಹಿಡಿತ ಬಹಳ ಚೆನ್ನಾಗಿರಬೇಕು. ಫ್ಲೋರಿಡಾದಲ್ಲಿ ಕೈ ಊರಿ ಬಚಾವಾಗಬಹುದು. ಇಲ್ಲಿ ತಲೆ ಎತ್ತಿದರೆ ಸಾವಿರಾರು ವರ್ಷದ ಕೊಳವೆ ಮುರಿದು ಬೀಳುತ್ತದೆ, ಮತ್ತೆ ಬೆಳೆಯುವುದಿಲ್ಲ.

ಚಾಕ್ ಮೂಲ್ ಅನ್ನುವ ಸೆನೋಟೆಯಂಥ ಕಡೆ ಇನ್ನೊಂದು ವಿಶೇಷ ಇದೆ. ಮೇಲೆ ಸಿಹಿ ನೀರು, ಕೆಳಗೆ ಸಮುದ್ರದ ಉಪ್ಪು ನೀರು. ಎರಡೂ ಸೇರುವ ಪದರದಲ್ಲಿ ನೀವು ಹಾದುಹೋದರೆ ಕಣ್ಣೆದುರು ಎಲ್ಲ ಕಲಸಿ ಹೋಗುತ್ತದೆ. ಹಿಂದೆ ಬರುತ್ತಿರುವವರಿಗೆ ಲೈನ್ ಕೂಡ ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಮೇಲೋ ಕೆಳಗೋ ಸರಿದರೆ ಮತ್ತೆ ತಿಳಿ. ಕಲಿಯುವವರಿಗೆ ಒಳ್ಳೆಯ ಪಾಠ ಇದು. ದಾರಿಗಳ ವಿಷಯದಲ್ಲೂ ಮೆಕ್ಸಿಕೋ ಜಟಿಲ. ಸಾಕ್ ಆಕ್ಟುನ್ ಮತ್ತು ಡೋಸ್ ಓಹೋಸ್ ಒಂದೇ ಗುಹೆ ಅಂತ 2018ರಲ್ಲಿ ಗೊತ್ತಾದಾಗ ಅಳತೆ ಮಾಡಿದ ಉದ್ದ 347 ಕಿಲೋಮೀಟರ್ ಆಗಿತ್ತು. ಕವಲಿನ ಮೇಲೆ ಕವಲು. ಇಂಟ್ರೋ ಮಟ್ಟದವರು ಮುಖ್ಯ ಲೈನ್ ಬಿಡಬಾರದು ಅನ್ನುವ ನಿಯಮಕ್ಕೆ ಅಲ್ಲಿ ನಿಜವಾದ ಅರ್ಥ ಬರುತ್ತದೆ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾಹಿತಿ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಪಾಸ್‌ಪೋರ್ಟ್‌ನಲ್ಲಿದ್ದರೆ ಭಾರತೀಯರಿಗೆ ಪ್ರವಾಸಕ್ಕಾಗಿ ಮೆಕ್ಸಿಕೋ ವೀಸಾ ಬೇರೆ ಬೇಕಿಲ್ಲ. ವಾಪಸ್ ಬರುವ ಕಾಗದಪತ್ರ ಸರಿಯಿದೆಯಾ ಅಂತ ಮಾತ್ರ ಹೊರಡುವ ಮೊದಲು ನೋಡಿಕೊಳ್ಳಿ. 2023ರ ಡಿಸೆಂಬರ್‌ನಿಂದ ಈ ಗುಹೆಗಳಿರುವ ಟುಲುಮ್ ಊರಿನ ಹತ್ತಿರವೇ ವಿಮಾನ ನಿಲ್ದಾಣ ಆಗಿದೆ. ಕ್ಯಾನ್‌ಕುನ್‌ನಲ್ಲಿ ಇಳಿದು ಗಂಟೆಗಟ್ಟಲೆ ರಸ್ತೆಯಲ್ಲಿ ಹೋಗಲೇಬೇಕು ಅಂತೇನಿಲ್ಲ.

ನನ್ನ ತೀರ್ಮಾನ ಹೀಗೆ. ನೀರಿನಲ್ಲಿ ಅಲುಗಾಡದೆ ನಿಲ್ಲಲು ಬರುತ್ತದೆ, ಚಳಿ ತಡೆಯಲು ಆಗುವುದಿಲ್ಲ, ದಾರಿ ನೆನಪಿಡುವುದು ಇಷ್ಟ ಅನ್ನುವವರಿಗೆ ಮೆಕ್ಸಿಕೋ. ಮೈ ಬಲ ಇದೆ, ತೇಲುವಿಕೆ ಇನ್ನೂ ಅಷ್ಟಕ್ಕಷ್ಟೇ ಅನ್ನುವವರು ಮೊದಲು ತೇಲುವಿಕೆ ಸರಿಮಾಡಿಕೊಳ್ಳಿ, ಆಮೇಲೆ ಫ್ಲೋರಿಡಾ. ಒಂದು ಕಡೆ ಕಲಿತವರು ಇನ್ನೊಂದು ಕಡೆ ಹೋದಾಗ ಮೊದಲ ದಿನ ಅಲ್ಲಿನ ಗೈಡ್ ಜೊತೆಗೇ ಇಳಿಯಬೇಕು. ಸೆಳೆತ ಗೊತ್ತಿಲ್ಲದವರಿಗೆ ಜಿನ್ನಿ ಸುಸ್ತು ಮಾಡಿಸುತ್ತದೆ, ಕವಲು ಗೊತ್ತಿಲ್ಲದವರಿಗೆ ಟುಲುಮ್ ದಾರಿ ತಪ್ಪಿಸುತ್ತದೆ.

ಮೆಲ್ಬರ್ನ್, ಅಡಿಲೇಡ್‌ನಲ್ಲಿ ಇರುವವರಿಗೆ ಇಷ್ಟು ದೂರ ಬರುವ ಅಗತ್ಯವಿಲ್ಲ. ಗುಹೆ ಡೈವಿಂಗ್ ನಡೆಯುವ ಮೌಂಟ್ ಗ್ಯಾಂಬಿಯರ್ ಅವರಿಗೆ ಕಾರಿನಲ್ಲೇ ಹೋಗಬಹುದಾದ ಊರು. 1973ರಲ್ಲಿ ಅಲ್ಲಿನ ಶಾಫ್ಟ್ ಅನ್ನುವ ಹೊಂಡದಲ್ಲಿ ನಾಲ್ವರು ಸತ್ತ ವರ್ಷವೇ ಆಸ್ಟ್ರೇಲಿಯಾದ ಗುಹೆ ಡೈವರ್‌ಗಳ ಸಂಘ ಸಿಡಿಎಎ ಹುಟ್ಟಿತು. ಅಲ್ಲಿನ ಹೆಚ್ಚಿನ ಹೊಂಡಗಳಿಗೆ ಇಳಿಯಲು ಅವರ ಹಂತಗಳ ಕಾರ್ಡ್ ಬೇಕು, ಅನುಮತಿ ಬೇಕು. ನೀರು ತಣ್ಣಗೆ, ಮೈಗೆ ನೀರು ತಾಗದ ಡ್ರೈಸೂಟ್ ಇದ್ದರೆ ಒಳ್ಳೆಯದು. ಯುರೋಪಿನವರಿಗೆ ಫ್ರಾನ್ಸಿನ ಲೋತ್ ಪ್ರದೇಶ ಇದೆ. ಅಲ್ಲೂ ಚಳಿಯೇ, ಮೊದಲ ಕೋರ್ಸ್‌ಗೆ ನಾನು ಅದನ್ನು ಹೇಳುವುದಿಲ್ಲ.

ಬೆನ್ನ ಮೇಲೋ, ಪಕ್ಕದಲ್ಲೋ

ಕ್ಯಾವರ್ನ್ ಅನ್ನು ಬೆನ್ನಿನ ಮೇಲೆ ಒಂದೇ ಟ್ಯಾಂಕ್ ಹಾಕಿಕೊಂಡು ಮಾಡಬಹುದು. ಗೊತ್ತಿರುವ ಸಾಮಾನು, ಹೊಸ ತಲೆನೋವು ಇಲ್ಲ. ಮುಂದಿನ ಹಂತಕ್ಕೆ ಎರಡು ದಾರಿ. ಬೆನ್ನಿನ ಮೇಲೆ ಜೋಡಿ ಟ್ಯಾಂಕ್ ಆದರೆ ಎರಡನ್ನೂ ಒಂದು ಕೊಳವೆ ಕೂಡಿಸಿರುತ್ತದೆ, ಗಾಳಿ ಒಟ್ಟಿಗೇ ಸಿಗುತ್ತದೆ, ಲೆಕ್ಕ ಸುಲಭ. ಆದರೆ ಸಾಮಾನೆಲ್ಲ ಸೇರಿ ತೂಕ 35 ಕೆಜಿ ಮೀರುತ್ತದೆ. ಅದನ್ನು ಹೊತ್ತು ಸೆನೋಟೆಯ ಮರದ ಮೆಟ್ಟಿಲು ಇಳಿಯಬೇಕು. ಗಾಳಿ ಸೋರಿದರೆ ಕೈ ಹಿಂದಕ್ಕೆ ಹೋಗಿ ಕತ್ತಿನ ಹಿಂದಿನ ವಾಲ್ವ್ ಮುಚ್ಚಬೇಕು, ಭುಜ ಬಿಗಿಯಾಗಿದ್ದವರಿಗೆ ಅದು ಕಷ್ಟ. ಸೈಡ್‌ಮೌಂಟ್‌ನಲ್ಲಿ ಟ್ಯಾಂಕ್‌ಗಳು ಎರಡೂ ಪಕ್ಕದಲ್ಲಿ ತೂಗುತ್ತವೆ. ಒಂದೊಂದಾಗಿ ನೀರಿಗೆ ಒಯ್ಯಬಹುದು, ವಾಲ್ವ್ ಕಣ್ಣ ಮುಂದೆಯೇ ಇರುತ್ತದೆ. ಸೊಂಟ, ಬೆನ್ನು ನೋವು ಇರುವವರಿಗೆ ಇದೇ ಸರಿ. ಆದರೆ ಎರಡು ಟ್ಯಾಂಕ್‌ಗಳಿಂದಲೂ ಸಮನಾಗಿ ಉಸಿರಾಡಲು ಬಾಯಿಗಿಡುವ ರೆಗ್ಯುಲೇಟರ್ ಬದಲಿಸುತ್ತಲೇ ಇರಬೇಕು, ಪಟ್ಟಿಗಳು ಮೈಗೆ ಸರಿಹೊಂದಲು ದಿನಗಳೇ ಹಿಡಿಯುತ್ತವೆ. ಸೈಡ್‌ಮೌಂಟ್ ಬೇಕು ಅಂದರೆ ಅದನ್ನು ಗುಹೆಯ ಹೊರಗೆ ಬೇರೆಯಾಗಿ ಕಲಿತು ಬನ್ನಿ. ಹೊಸ ಸಾಮಾನು, ಹೊಸ ಜಾಗ ಎರಡನ್ನೂ ಒಂದೇ ವಾರದಲ್ಲಿ ಇಟ್ಟುಕೊಳ್ಳಬೇಡಿ.

ಕಲಿಸುವವರು

ಕೋರ್ಸ್‌ನ ಮೊದಲ ಪಾಠ ನಡೆಯುವುದು ಒಣ ನೆಲದ ಮೇಲೆ. ಪಾರ್ಕಿಂಗ್ ಜಾಗದ ಪಕ್ಕದ ಮರಗಳ ನಡುವೆ ಇನ್‌ಸ್ಟ್ರಕ್ಟರ್ ಲೈನ್ ಕಟ್ಟುತ್ತಾರೆ. ಮರದ ಬುಡ, ಕೊಂಬೆ, ಬೆಂಚಿನ ಕಾಲು ಹೀಗೆ ಮೇಲೆ ಕೆಳಗೆ ಹಾಯಿಸಿರುತ್ತಾರೆ. ನೀವು ಹೆಬ್ಬೆರಳು, ತೋರುಬೆರಳು ಸೇರಿಸಿ ಲೈನಿನ ಸುತ್ತ ಉಂಗುರ ಮಾಡಿ, ಕಣ್ಣು ಮುಚ್ಚಿ ನಡೆಯಬೇಕು. ಲೈನನ್ನು ಎಳೆಯಬಾರದು, ಬಿಡಲೂಬಾರದು. ಅಲ್ಲಲ್ಲಿ ಸಿಗುವ ಪ್ಲಾಸ್ಟಿಕ್ ಬಾಣವನ್ನು ಬೆರಳಲ್ಲಿ ತಡವಿ, ಅದರ ತುದಿ ಯಾವ ಕಡೆಗಿದೆ ಅಂತ ತಿಳಿಯಬೇಕು. ತುದಿ ತೋರಿಸುವುದು ಹತ್ತಿರದ ಹೊರದಾರಿ. ಹಿಂದಿನವರು ನಿಮ್ಮ ತೋಳು ಹಿಡಿದಿರುತ್ತಾರೆ. ಒಮ್ಮೆ ಒತ್ತಿದರೆ ಏನು, ತಳ್ಳಿದರೆ ಏನು ಅಂತ ಮೊದಲೇ ಮಾತಾಡಿಕೊಂಡಿರುತ್ತೀರಿ. ಇದೇ ಕೆಲಸವನ್ನು ಮರುದಿನ ನೀರಿನಲ್ಲಿ, ಲೈಟ್ ಆರಿಸಿ, ಒಬ್ಬರ ಗಾಳಿ ಇಬ್ಬರು ಉಸಿರಾಡುತ್ತಾ ಮಾಡಬೇಕು. ನೆಲದ ಮೇಲೆ ಇದಕ್ಕೆ ಅರ್ಧ ದಿನ ಕೊಡುವ ಇನ್‌ಸ್ಟ್ರಕ್ಟರ್ ಸಿಕ್ಕರೆ ಬಿಡಬೇಡಿ. ಹತ್ತು ನಿಮಿಷದಲ್ಲಿ ಮುಗಿಸಿ ನೀರಿಗೆ ಇಳಿಸುವವರ ಹತ್ತಿರ ಹೋಗಬೇಡಿ.

ದುಡ್ಡು ಕಟ್ಟುವ ಮೊದಲು ಫೋನಿನಲ್ಲಿ ಕೇಳಿ. ನೀವು ಕಲಿಸುವ ಕೆಲಸ ಬಿಟ್ಟು ನಿಮಗೋಸ್ಕರ ಕೊನೆಯ ಸಲ ಗುಹೆಗೆ ಇಳಿದದ್ದು ಯಾವಾಗ? ಒಂದು ಕ್ಲಾಸಿಗೆ ಎಷ್ಟು ಜನ? ಇಬ್ಬರು ಅಂದರೆ ಒಳ್ಳೆಯದು, ಮೂವರು ಪರವಾಗಿಲ್ಲ. ನಾನು ಯಾವ ಸಾಮಾನಿನಲ್ಲಿ ಕಲಿಯುತ್ತೇನೋ ಅದರಲ್ಲೇ ನೀವೂ ಡೈವ್ ಮಾಡುತ್ತೀರಾ? ನಾನು ಪಾಸಾಗದಿದ್ದರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ನಾನು ಬಹಳ ಭಾರ ಹಾಕುತ್ತೇನೆ. ಎಲ್ಲರೂ ಪಾಸಾಗುತ್ತಾರೆ ಅಂದವರು ಯಾರನ್ನೂ ತಡೆದಿಲ್ಲ ಅಂತಾಯಿತು. ಇನ್ನೂ ತಯಾರಾಗಿಲ್ಲ, ಇದನ್ನು ಅಭ್ಯಾಸ ಮಾಡಿ ಮತ್ತೆ ಬನ್ನಿ ಅಂತ ಹೇಳಿ ಕಳಿಸಿದ್ದೇನೆ ಅಂದವರನ್ನು ನಂಬಬಹುದು.

ಫೀಸ್ ಹೋಲಿಸುವಾಗ ಒಳಗೆ ಏನೇನು ಸೇರಿದೆ ಕೇಳಿ. ಟ್ಯಾಂಕ್ ತುಂಬಿಸುವುದು, ಸಾಮಾನಿನ ಬಾಡಿಗೆ, ಸೆನೋಟೆ ಅಥವಾ ಪಾರ್ಕಿನ ಪ್ರವೇಶ ಶುಲ್ಕ, ಇನ್‌ಸ್ಟ್ರಕ್ಟರ್ ಅವರ ಪ್ರವೇಶ ಶುಲ್ಕ, ಇವೆಲ್ಲ ಹೊರಗಿದ್ದರೆ ಅಗ್ಗ ಅನ್ನಿಸಿದ್ದು ದುಬಾರಿಯಾಗುತ್ತದೆ. ವಿಮೆ ಗುಹೆ ಡೈವಿಂಗ್‌ಗೂ ಅನ್ವಯಿಸುತ್ತದೆಯಾ ಅಂತ ಬರಹದಲ್ಲಿ ಪಡೆಯಿರಿ. ಸಾಮಾನ್ಯ ಪ್ರವಾಸ ವಿಮೆ ಬಹಳ ಸಲ ಇದನ್ನು ಬಿಟ್ಟಿರುತ್ತದೆ.

ಏಜೆನ್ಸಿ

ಟಿಡಿಐ, ಐಎಎನ್‌ಟಿಡಿ, ಎನ್‌ಎಸ್‌ಎಸ್-ಸಿಡಿಎಸ್ ಇವುಗಳ ಮೊದಲ ಹಂತಗಳಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಇನ್‌ಸ್ಟ್ರಕ್ಟರ್ ಒಳ್ಳೆಯವರಾದರೆ ಯಾವುದಾದರೂ ಸರಿ. ಪಾಡಿಯ ಕ್ಯಾವರ್ನ್ ಕೋರ್ಸ್‌ಗೆ ಓಪನ್ ವಾಟರ್ ಆದಮೇಲಿನ ಅಡ್ವಾನ್ಸ್ಡ್ ಕಾರ್ಡ್ ಇರಬೇಕು, ವಯಸ್ಸು 18 ಆಗಿರಬೇಕು.

ಜಿಯುಇ ಅನ್ನುವ ಏಜೆನ್ಸಿಯದು ಮಾತ್ರ ಬೇರೆ ದಾರಿ. ಅಲ್ಲಿ ಕ್ಯಾವರ್ನ್ ಅನ್ನುವ ಮೆಟ್ಟಿಲೇ ಇಲ್ಲ. ಮೊದಲು ತೆರೆದ ನೀರಿನಲ್ಲಿ ಫಂಡಮೆಂಟಲ್ಸ್ ಕೋರ್ಸ್, ಅದರಲ್ಲಿ ಟೆಕ್ನಿಕಲ್ ಅನ್ನುವ ಮೇಲಿನ ಮಟ್ಟದ ಪಾಸ್ ಸಿಕ್ಕರೆ ಮಾತ್ರ ಕೇವ್ 1 ಅನ್ನುವ ಮೊದಲ ಗುಹೆ ಕೋರ್ಸ್. ಎಲ್ಲರ ಸಾಮಾನೂ ಒಂದೇ ರೀತಿ ಇರಬೇಕು, ತಂಡವಾಗಿಯೇ ಇಳಿಯಬೇಕು. ಸಮಯ ಜಾಸ್ತಿ ಬೇಕು, ಮೊದಲ ಸಲಕ್ಕೇ ಆ ಪಾಸ್ ಸಿಗದವರೂ ಇದ್ದಾರೆ. ಆದರೆ ಅಲ್ಲಿಂದ ಬಂದವರು ನೀರಿನಲ್ಲಿ ನಿಲ್ಲುವ ರೀತಿ ನೋಡಿದರೆ ಆ ಸಮಯ ದಂಡವಲ್ಲ ಅನ್ನಿಸುತ್ತದೆ. ಒಂದೆರಡು ವರ್ಷ ಇದಕ್ಕೇ ಅಂತ ಕೊಡಬಲ್ಲವರು, ಜೊತೆಗೆ ಕಲಿಯುವ ಗೆಳೆಯರಿರುವವರು ಇದನ್ನೇ ಆರಿಸಿಕೊಳ್ಳಲಿ. ವರ್ಷಕ್ಕೆ ಹತ್ತು ದಿನ ರಜೆ ಸಿಗುವವರಿಗೆ ಕ್ಯಾವರ್ನ್ ದಾರಿಯೇ ಸರಿ.

ಯಾವುದನ್ನೇ ಆರಿಸಿ, ಹೊರಡುವ ಮುಂಚೆ ಊರಿನ ಹತ್ತಿರವೇ ಮಾಡಬಹುದಾದ ಕೆಲಸ ಇದೆ. ಈಜುಕೊಳದಲ್ಲೋ ನೇತ್ರಾಣಿಯಲ್ಲೋ ಮೈ ಅಡ್ಡವಾಗಿ ಇಟ್ಟುಕೊಂಡು, ಕೈಕಾಲು ಆಡಿಸದೆ ಐದು ನಿಮಿಷ ಒಂದೇ ಆಳದಲ್ಲಿ ನಿಲ್ಲುವುದನ್ನು ಅಭ್ಯಾಸ ಮಾಡಿ. ಕಪ್ಪೆಯ ಹಾಗೆ ಕಾಲು ಬೀಸುವ ಕಿಕ್, ಹಿಂದಕ್ಕೆ ಹೋಗುವ ಕಿಕ್ ಕಲಿಯಿರಿ. ನಿಂತಲ್ಲೇ ಮಾಸ್ಕ್ ತೆಗೆದು ಹಾಕಿ, ಆಳ ಅರ್ಧ ಮೀಟರ್ ಕೂಡ ಬದಲಾಗದಂತೆ. ಇಷ್ಟು ಬಂದರೆ ಕೋರ್ಸ್‌ನ ದಿನಗಳು ಲೈನ್ ಮತ್ತು ಗಾಳಿ ಕಲಿಯಲು ಉಳಿಯುತ್ತವೆ. ಬರದಿದ್ದರೆ ಟಿಕೆಟ್ ಬುಕ್ ಮಾಡುವುದನ್ನು ಮುಂದಿನ ವರ್ಷಕ್ಕೆ ಹಾಕಿ, ಅಷ್ಟರಲ್ಲಿ ಸಮುದ್ರದಲ್ಲಿ ಇನ್ನಷ್ಟು ಡೈವ್ ಮಾಡಿ.